ಹಳೇ ಡಿಸ್ಕಿಗೆ ಜೋಡಿ ಕಟ್ಟುವಾಗ

ಕೇಳುಗರಿಗೆ ನಮಸ್ಕಾರ.

ಮದುವೆ ಫೋಟೊ, ಮಕ್ಕಳ ವಿಡಿಯೊ, ಅಂಗಡಿಯ ಲೆಕ್ಕ, ಎಲ್ಲಾ ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ಇರುವ ಮನೆಗಳೇ ಜಾಸ್ತಿ. ಅದರ ಪಕ್ಕಕ್ಕೆ ಇನ್ನೊಂದು ಡಿಸ್ಕ್ ಹಾಕಿ, ಬರೆದದ್ದೆಲ್ಲ ಎರಡರಲ್ಲೂ ಉಳಿಯುವಂತೆ ಮಾಡಿದರೆ ಅದು ಮಿರರ್. ಒಂದು ಕೆಟ್ಟರೂ ಕೆಲಸ ನಿಲ್ಲುವುದಿಲ್ಲ. ಆದರೆ ಕಟ್ಟುವ ಹೊತ್ತಿನಲ್ಲೇ ಎಷ್ಟೋ ಜನ ಡೇಟಾ ಕಳೆದುಕೊಳ್ಳುತ್ತಾರೆ. ಅದು ನನಗೆ ಬಹಳ ಸಂಕಟದ ವಿಷಯ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಈ ಕೆಲಸಕ್ಕೆ ಎಂ-ಡಿ-ಎ-ಡಿ-ಎಂ ಎಂಬ ಪ್ರೋಗ್ರಾಮ್ ಇದೆ. ಎರಡೂ ಡಿಸ್ಕನ್ನು ಒಟ್ಟಿಗೆ ಅದರ ಕೈಗೆ ಕೊಡಬೇಡಿ. ಕೊಟ್ಟರೆ ಹಳೇ ಡಿಸ್ಕಿನ ಮೇಲೂ ಅದು ತನ್ನ ಗುರುತು ಬರೆಯುತ್ತದೆ. ‘ಇದರಲ್ಲಿ ಏನೋ ಇದೆ, ಮುಂದುವರಿಯಲೇ?’ ಎಂದು ಕೇಳುತ್ತದೆ, ನಿಜ. ಓದದೆ ಸುಮ್ನೆ ವೈ ಒತ್ತಿದರೆ ಮುಗೀತು.

ಹೊಸ ಡಿಸ್ಕ್ ಒಂದನ್ನೇ ಕೊಡಿ. ಎರಡನೆಯದರ ಜಾಗದಲ್ಲಿ ‘ಮಿಸಿಂಗ್’ ಎಂದು ಬರೆಯಿರಿ. ಅರ್ಧ ಮಿರರ್ ಸಿದ್ಧವಾಗುತ್ತದೆ. ಹಳೇ ಡಿಸ್ಕಿಗೆ ಕೈಯೇ ಹಾಕಿರುವುದಿಲ್ಲ. ಹೊಸದರ ಪಾರ್ಟಿಷನ್, ಅಂದರೆ ಡಿಸ್ಕಿನಲ್ಲಿ ಬಳಕೆಗೆ ಗುರುತು ಮಾಡಿದ ಭಾಗ, ಹಳೆಯದಕ್ಕಿಂತ ತುಸು ಚಿಕ್ಕದಿರಲಿ. ದೊಡ್ಡದಾದರೆ ಹಳೆಯದು ಕೊನೆಗೆ ಜೋಡಿಯಾಗಿ ಸೇರುವುದೇ ಇಲ್ಲ. ಆಮೇಲೆ ಮಿರರನ್ನು ಫಾರ್ಮ್ಯಾಟ್ ಮಾಡಿ, ಆರ್‌ಸಿಂಕ್ ಎಂಬ ಕಾಪಿ ಮಾಡುವ ಪ್ರೋಗ್ರಾಮ್‌ನಿಂದ ಹಳೇ ಡಿಸ್ಕಿನಲ್ಲಿರುವ ಎಲ್ಲವನ್ನೂ ಅದಕ್ಕೆ ಕಾಪಿ ಮಾಡಿ. ಚೆಕ್‌ಸಮ್, ಅಂದರೆ ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿ ತೆಗೆಯುವ ಗುರುತು ಸಂಖ್ಯೆ, ಹಾಕಿ ಇನ್ನೊಮ್ಮೆ ತಾಳೆ ನೋಡಿ. ಕೆಲವು ಫೋಟೊ, ವಿಡಿಯೊ ತೆರೆದೂ ನೋಡಿ.

ಈಗ ಹಳೇ ಡಿಸ್ಕನ್ನು ಸೇರಿಸುವ ಸರದಿ. ಇಲ್ಲೇ ಅಪಾಯ ಇರುವುದು. ಸೇರಿಸಿದ ಕೂಡಲೇ ಹಳೆಯ ಡೇಟಾದ ಮೇಲೆ ಹೊಸ ಬರಹ ಬೀಳುತ್ತಾ ಹೋಗುತ್ತದೆ. 4 ಟಿಬಿ ಡಿಸ್ಕಾದರೆ, ಸೆಕೆಂಡಿಗೆ 150 ಎಂಬಿ ಲೆಕ್ಕದಲ್ಲಿ 7 ಗಂಟೆಗೂ ಜಾಸ್ತಿ. ಅಷ್ಟು ಹೊತ್ತೂ ನಿಮ್ಮ ಸರ್ವಸ್ವ ಇರುವುದು ಆ ಹೊಸ ಡಿಸ್ಕ್‌ನಲ್ಲಿ ಮಾತ್ರ. ಹೊಸದು ಅಂದ ಮಾತ್ರಕ್ಕೆ ಕೆಡಬಾರದು ಅಂತೇನಿಲ್ಲ, ಅಲ್ವಾ? ಅದಕ್ಕೇ ಮೊದಲೇ ಮೂರನೇ ಪ್ರತಿಯೊಂದನ್ನು ಎಕ್ಸ್‌ಟರ್ನಲ್ ಡಿಸ್ಕಿಗೆ ತೆಗೆದು, ಕೇಬಲ್ ಕಿತ್ತು ಪಕ್ಕಕ್ಕೆ ಇಡಿ. ಅದಿಲ್ಲದೆ ಈ ಹಂತಕ್ಕೆ ಇಳಿಯಲೇಬೇಡಿ.

ಇನ್ನು ಲಿನಕ್ಸ್ ಡಿಸ್ಕಿಗೆ ಇಡುವ ಹೆಸರು. ಇವತ್ತಿನ ಎಸ್‌ಡಿಎ ನಾಳೆ ರೀಸ್ಟಾರ್ಟ್ ಆದಾಗ ಎಸ್‌ಡಿಬಿ ಆಗಿರಬಹುದು. ಆಜ್ಞೆ ಕೊಡುವ ಮುಂಚೆ ಡಿಸ್ಕಿನ ಲೇಬಲ್ ಮೇಲಿನ ಸೀರಿಯಲ್ ನಂಬರನ್ನು ಪರದೆಯ ನಂಬರಿನ ಜೊತೆ ಒಂದೊಂದೇ ಅಕ್ಷರ ಹೋಲಿಸಿ.

ಕೆಲಸ ನಡೆಯುವಾಗ, ಮಿರರಿನ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ ಫೈಲ್ ನೋಡುತ್ತಿರಿ. ಬ್ರಾಕೆಟ್ ಒಳಗೆ ಒಂದು ಅಡ್ಡಗೆರೆ, ಒಂದು ಇಂಗ್ಲಿಷ್ ಯು ಅಕ್ಷರ ಇರುತ್ತದೆ. ಎರಡೂ ಯು ಆದರೆ ಜೋಡಿ ಕೂಡಿತು ಎಂದರ್ಥ. ಆಗಲೂ ಆ ಮೂರನೇ ಪ್ರತಿಯನ್ನು ಅಳಿಸಬೇಡಿ. ಕೈತಪ್ಪಿ ಒಂದು ಫೈಲ್ ಡಿಲೀಟ್ ಮಾಡಿದರೆ ಮಿರರ್ ಅದನ್ನು ಎರಡೂ ಕಡೆ ಒಟ್ಟಿಗೇ ಅಳಿಸುತ್ತದೆ.

ನಮಸ್ಕಾರ.