ಗಟ್ಟಿಮುಟ್ಟಾದವನಿಗೆ ಮದ್ದು ನುಂಗಿಸುವುದು: ಸೇನೆ, ಮಲೇರಿಯಾ, ಮಂಗಳೂರು

ಎಲ್ಲರಿಗೂ ನಮಸ್ಕಾರ. ಸೈನಿಕರ ಆರೋಗ್ಯದ ಸಂಶೋಧನೆ ಅಂದ ಕೂಡಲೇ ಸಿಯಾಚಿನ್‌ನ ಹಿಮವೋ, ಮೈಸೂರಿನ ರಕ್ಷಣಾ ಆಹಾರ ಪ್ರಯೋಗಾಲಯದಲ್ಲಿ ತಯಾರಾಗುವ ಊಟದ ಪೊಟ್ಟಣವೋ ನೆನಪಾಗುತ್ತದೆ. ಆದರೆ ಮಂಗಳೂರಿನಲ್ಲಿ ನಿಂತು ಈ ವಿಷಯ ಮಾತಾಡುವವನು ಮಲೇರಿಯಾ ಬಿಟ್ಟು ಬೇರೆ ಎಲ್ಲಿಂದ ಶುರುಮಾಡಲಿ? ಬೆರಳು ಚುಚ್ಚಿಸಿಕೊಂಡು ರಕ್ತ ಕೊಡದವರು ಈ ಸಭೆಯಲ್ಲಿ ಕೆಲವರು ಮಾತ್ರ ಇದ್ದಾರು.

ಎರಡನೇ ಮಹಾಯುದ್ಧದ ಕಾಲ. 1943ರಲ್ಲಿ ಬರ್ಮಾ ಗಡಿಯಿಂದ ಗಾಯಗೊಂಡ ಒಬ್ಬನನ್ನು ಸಾಗಿಸುವ ಹೊತ್ತಿಗೆ ಕಾಯಿಲೆ ಬಿದ್ದ 120 ಮಂದಿಯನ್ನು ಸಾಗಿಸಬೇಕಾಗುತ್ತಿತ್ತು. ಹೆಚ್ಚಿನವರು ನಮ್ಮ ಸೈನಿಕರೇ. ಸಿಂಕೋನಾ ತೋಟಗಳಿದ್ದ ಜಾವಾ 1942ರಲ್ಲೇ ಜಪಾನಿನ ಪಾಲಾಗಿ, ಆ ಮರದ ತೊಗಟೆಯಿಂದ ತೆಗೆಯುವ ಮಲೇರಿಯಾ ಮದ್ದು ಕ್ವಿನೈನ್‌ಗೆ ಬರ ಬಂದಿತ್ತು. ಬದಲಿಗೆ ಸಿಕ್ಕಿದ್ದು ಜ್ವರ ಬಾರದಂತೆ ಮೊದಲೇ ನುಂಗಬೇಕಾದ ಮೆಪಾಕ್ರಿನ್ ಮಾತ್ರೆ. ವಿಪರೀತ ಕಹಿ. ಕೆಲವೇ ವಾರಗಳಲ್ಲಿ ಮೈ ಹಳದಿಯಾಗುತ್ತಿತ್ತು. ಗಂಡಸ್ತನ ಹೋಗುತ್ತದೆಂಬ ಗುಲ್ಲು ಬೇರೆ. ಜ್ವರವೇ ಇಲ್ಲದ ಹುಡುಗ ಅದನ್ನು ಯಾಕೆ ನುಂಗುತ್ತಾನೆ?

ಬರ್ಮಾದಲ್ಲಿ ಹೋರಾಡಿದ ಬ್ರಿಟಿಷರ 14ನೇ ಸೇನೆಯ ದಂಡನಾಯಕ ವಿಲಿಯಂ ಸ್ಲಿಮ್ ವೈದ್ಯರನ್ನು ಬೈಯಲಿಲ್ಲ, ಅಧಿಕಾರಿಗಳನ್ನು ಹಿಡಿದರು. ಮುಂಚಿತವಾಗಿ ಹೇಳದೆ ಇಡೀ ಪಡೆಯ ಪರೀಕ್ಷೆ. ಶೇಕಡಾ 95ಕ್ಕಿಂತ ಕಡಿಮೆ ಮಂದಿಯ ಮೈಯಲ್ಲಿ ಮದ್ದು ಕಂಡರೆ ಕಮಾಂಡಿಂಗ್ ಆಫೀಸರ್ ಮನೆಗೆ. ಮೂವರನ್ನು ತೆಗೆದದ್ದೇ ಸಾಕಾಯಿತು. ನನ್ನ ಮಟ್ಟಿಗೆ ಇದೂ ವೈದ್ಯಕೀಯ ಸಂಶೋಧನೆಯೇ: ಮದ್ದು ಪ್ರಯೋಗಾಲಯದಲ್ಲಿ ಸಿದ್ಧವಾದರೆ ಅರ್ಧ ಕೆಲಸ, ಹೊಟ್ಟೆಗೆ ಹೋಗುವುದು ಇನ್ನರ್ಧ.

ಇನ್ನು ನಮ್ಮೂರಿನ ಜ್ವರಕ್ಕೆ ಬರೋಣ. ಇಲ್ಲಿ ಹೆಚ್ಚಾಗಿ ಕಾಣುವ ಮಲೇರಿಯಾ ರೋಗಾಣು ವೈವ್ಯಾಕ್ಸ್ ಬಹಳ ಕಳ್ಳ. ರಕ್ತದಿಂದ ಹೋದರೂ ಯಕೃತ್ತಿನಲ್ಲಿ ಅಡಗಿ ಕೂತು ತಿಂಗಳುಗಳ ಬಳಿಕ ಮತ್ತೆ ಏಳುತ್ತದೆ. ಕೊರಿಯಾ ಯುದ್ಧದಿಂದ ಊರಿಗೆ ಮರಳಿದ ಅಮೆರಿಕದ ಸೈನಿಕರಿಗೆ ಆದದ್ದು ಅದೇ. ಹಾಗಾಗಿ ಹಡಗಿನಲ್ಲೇ, ಕಣ್ಣೆದುರಿಗೇ, ದಿನಕ್ಕೊಂದರಂತೆ, ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲುವ ಪ್ರೈಮಾಕ್ವಿನ್ ಮಾತ್ರೆ ನುಂಗಿಸಿದರು. ನಮ್ಮ ಆರೋಗ್ಯ ಕೇಂದ್ರದಲ್ಲಿ ಮೂರು ದಿನದ ಕ್ಲೋರೋಕ್ವಿನ್ ಜೊತೆ ಕೊಡುವ ಹದಿನಾಲ್ಕು ದಿನದ ಮಾತ್ರೆ ಉಂಟಲ್ಲ, ಅದೇ ಇದು.

ಈ ಮದ್ದಿನ ಹಿಂದೆ ಮುಜುಗರದ ಸಂಗತಿಯೂ ಇದೆ, ಮುಚ್ಚಿಡಬಾರದು. ಅಮೆರಿಕದ ಇಲಿನಾಯ್‌ನ ಸ್ಟೇಟ್‌ವಿಲ್ ಜೈಲಿನ ಕೈದಿಗಳಿಗೆ ಬೇಕೆಂದೇ ಮಲೇರಿಯಾ ತಗುಲಿಸಿ ಮದ್ದುಗಳನ್ನು ಪರೀಕ್ಷಿಸಿದ್ದರು. ಅವರು ಸಹಿ ಹಾಕಿದ್ದರು ನಿಜ. ಬೀಗದೊಳಗಿರುವವನ ಸಹಿಗೆ ಎಷ್ಟು ಬೆಲೆ ಎಂಬುದು ಇಂದಿಗೂ ಚರ್ಚೆ. ಕೆಲವರಲ್ಲಿ, ಅದರಲ್ಲೂ ಕಪ್ಪು ಕೈದಿಗಳಲ್ಲಿ, ಪ್ರೈಮಾಕ್ವಿನ್‌ನಿಂದ ಕೆಂಪು ರಕ್ತಕಣಗಳೇ ಒಡೆದವು. ಕಾರಣ ಜಿ6ಪಿಡಿ ಎಂಬ ಕಿಣ್ವದ ಕೊರತೆ ಎಂದು 1956ರಲ್ಲಿ ತಿಳಿಯಿತು. ಈ ಮಾತ್ರೆ ತೆಗೆದುಕೊಳ್ಳುವಾಗ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಓಡಬೇಕು.

ಹದಿನಾಲ್ಕು ದಿನವನ್ನು ಒಂದೇ ಡೋಸ್‌ಗೆ ಇಳಿಸುವ ಟಾಫೆನೋಕ್ವಿನ್ ಕೂಡ ಅಮೆರಿಕ ಸೇನೆಯ ವಾಲ್ಟರ್ ರೀಡ್ ಸಂಸ್ಥೆಯಿಂದಲೇ ಬಂತು. 1978ರಲ್ಲಿ ಸಿಕ್ಕಿದ ವಸ್ತು, ಒಪ್ಪಿಗೆ 2018ರಲ್ಲಿ. ನಲವತ್ತು ವರ್ಷ! ಇದು ದೇಹದಲ್ಲಿ ಬಹಳ ದಿನ ಉಳಿಯುವುದರಿಂದ ಜಿ6ಪಿಡಿ ಪರೀಕ್ಷೆ ಮಾಡದೆ ಕೊಡುವ ಹಾಗೇ ಇಲ್ಲ.

ಮಂಗಳೂರಿನಲ್ಲಿ ಪ್ರಕರಣಗಳು ಈಗ ಬಹಳ ಇಳಿದಿವೆ. ಆದರೂ ಕಟ್ಟುತ್ತಿರುವ ಕಟ್ಟಡದ ಸ್ಲ್ಯಾಬ್ ಮೇಲೆ ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲೆಂದು, ನಿಲ್ಲಿಸಿದ ತಿಳಿನೀರು ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆಗೆ ಅಚ್ಚುಮೆಚ್ಚು. ಅಲ್ಲಿ ದುಡಿಯುವವನು ಜ್ವರ ಬಿಟ್ಟ ಕೂಡಲೇ ಕೆಲಸಕ್ಕೆ ಹಾಜರು; ಉಳಿದ ಮಾತ್ರೆ ಶೆಡ್ಡಿನ ತಗಡಿನ ಸಂದಿಯಲ್ಲಿ. ಸೈನಿಕನಿಗಾದರೆ ಸಾಲಾಗಿ ನಿಲ್ಲಿಸಿ ಹಾಜರಿ ತೆಗೆಯುವ ಫಾಲ್-ಇನ್ ಉಂಟು, ಇವನಿಗೆ? ಮುಂದಿನ ಸಾಲಿನಲ್ಲಿ ಕೂತಿರುವ ಬಿಲ್ಡರ್‌ಗಳಲ್ಲಿ ಒಂದು ಕೇಳಿಕೆ: ಬೆಳಿಗ್ಗೆ ಹಾಜರಿ ಬರೆಯುವ ಮೇಸ್ತ್ರಿಯ ಕೈಗೆ ಆ ಮಾತ್ರೆಯ ಪಟ್ಟಿ, ಒಂದು ಬಾಟಲಿ ನೀರು ಕೊಡಿ. ಅವರ ಎದುರಿಗೇ ನುಂಗಲಿ.

ಈಗ ಪ್ರಶ್ನೆಗಳಿದ್ದರೆ ಕೇಳಿ.