ಉಸಿರಿನ ಗುರುತು

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರಿಸ್‌ಮಸ್‌ನ ಹಿಂದಿನ ದಿನ, ಡಿಸೆಂಬರ್ 24ರ ರಾತ್ರಿ, ನಮ್ಮ ಗಡಿಯಾರಗಳು ಎಂಟೂವರೆ ತೋರಿಸುವಾಗ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಮಧ್ಯಾಹ್ನ ಮೂರು ಗಂಟೆ. ಅಲ್ಲಿನ ಕಿಂಗ್ಸ್ ಕಾಲೇಜಿನ ಚಾಪೆಲ್ ಎಂಬ ಪ್ರಾರ್ಥನಾ ಮಂದಿರದಲ್ಲಿ ಆ ಹೊತ್ತಿಗೆ 16 ಮಂದಿ ಹುಡುಗರೂ ಅದೇ ಕಾಲೇಜಿನಲ್ಲಿ ಓದುವ ತರುಣ ಗಾಯಕರೂ ಹಾಡಲು ಸಿದ್ಧರಾಗಿ ನಿಂತಿರುತ್ತಾರೆ. ಮೊದಲ ಹಾಡಿನ ಮೊದಲ ಚರಣವನ್ನು ಹುಡುಗನೊಬ್ಬ ಯಾವ ವಾದ್ಯದ ಆಸರೆಯೂ ಇಲ್ಲದೆ ಒಬ್ಬನೇ ಹಾಡಬೇಕು. ಅದಕ್ಕಾಗಿ ಹಲವರು ಅಭ್ಯಾಸ ಮಾಡಿರುತ್ತಾರೆ; ಆದರೆ ಹಾಡುವವನು ಯಾರೆಂಬುದನ್ನು ನಿರ್ದೇಶಕರು ಕೊನೆಯ ಗಳಿಗೆಯಲ್ಲಿ ಕೈಸನ್ನೆಯಿಂದಷ್ಟೇ ತಿಳಿಸುತ್ತಾರೆ. ಹೆದರಿಕೊಳ್ಳುವುದಕ್ಕೆ ಆ ಮಗುವಿಗೆ ಸಮಯವೇ ಇರುವುದಿಲ್ಲ. ದಾವೀದ ರಾಜನ ಊರಾದ ಬೆತ್ಲೆಹೇಮಿನ ಕೊಟ್ಟಿಗೆಯಲ್ಲಿ ತಾಯಿಯೊಬ್ಬಳು ತನ್ನ ಕೂಸನ್ನು ಗೋದಲಿಯಲ್ಲಿ ಮಲಗಿಸಿದಳೆಂದು ಆ ಎಳೆಯ ದನಿ ಹಾಡುತ್ತದೆ. ಎರಡನೆಯ ಚರಣಕ್ಕೆ ಇಡೀ ಗಾಯಕವೃಂದ ಬಂದು ಸೇರುತ್ತದೆ. ಮೂರನೆಯದಕ್ಕೆ ಆರ್ಗನ್ನೂ ನೆರೆದ ಜನರೂ ದನಿಗೂಡಿಸುತ್ತಾರೆ. ಒಂಟಿ ದನಿಯ ಬೆನ್ನಿಗೆ ಉಳಿದ ದನಿಗಳು ಬಂದು ನಿಲ್ಲುವ ಆ ಕ್ಷಣಕ್ಕಾಗಿ ನಾನು ವರ್ಷವಿಡೀ ಕಾಯುತ್ತೇನೆ.

ಈ ಆರಾಧನೆ ಅಲ್ಲಿ ಮೊದಲಾದದ್ದು 1918ರಲ್ಲಿ. ಮೊದಲ ಮಹಾಯುದ್ಧ ಮುಗಿದು ಇನ್ನೂ ಆರು ವಾರಗಳಾಗಿದ್ದವು. ಎರಿಕ್ ಮಿಲ್ನರ್-ವೈಟ್ ಎಂಬವರು ಸೇನೆಯಲ್ಲಿ ಪಾದ್ರಿಯಾಗಿದ್ದು, ಸಾವುನೋವುಗಳನ್ನು ಕಣ್ಣಾರೆ ಕಂಡು, ಕಾಲೇಜಿಗೆ ಮರಳಿ ಅಲ್ಲಿನ ಚಾಪೆಲ್‌ನ ಹೊಣೆ ಹೊತ್ತ ಡೀನ್ ಆಗಿದ್ದರು. ಬೈಬಲ್‌ನಿಂದ ಒಂಬತ್ತು ಪಾಠಗಳು, ಅವುಗಳ ನಡುವೆ ಕ್ಯಾರಲ್ ಎಂಬ ಕ್ರಿಸ್‌ಮಸ್ ಹಾಡುಗಳು ಎಂಬ ಕ್ರಮವನ್ನು 1880ರಲ್ಲೇ ಟ್ರೂರೋ ಎಂಬ ಊರಿನಲ್ಲಿ ಬಿಷಪ್ ಬೆನ್ಸನ್ ರೂಪಿಸಿದ್ದರು. ಅದನ್ನು ಮಿಲ್ನರ್-ವೈಟ್ ಎತ್ತಿಕೊಂಡರು, ಆರಂಭದ ಪ್ರಾರ್ಥನೆಯನ್ನು ತಾವೇ ಬರೆದರು. ಬಡವರನ್ನು, ಹಸಿದವರನ್ನು, ರೋಗಿಗಳನ್ನು ನೆನೆದ ಮೇಲೆ ಆ ಪ್ರಾರ್ಥನೆ, ಬೇರೊಂದು ದಡದಲ್ಲಿ, ಇನ್ನೂ ದೊಡ್ಡ ಬೆಳಕಿನಲ್ಲಿ ನಮ್ಮೊಡನೆ ಸಂತೋಷಪಡುತ್ತಿರುವವರನ್ನೂ ನೆನೆಯುತ್ತದೆ. ಯುದ್ಧದಿಂದ ಮರಳಿ ಬಾರದ ಮಕ್ಕಳಿದ್ದ ಕಾಲದಲ್ಲಿ ಆ ಮಾತು ಕಿವಿಗೆ ಬಿದ್ದ ತಂದೆತಾಯಿಯರಿಗೆ ಹೇಗಾಗಿರಬಹುದು ಎಂದು ಯೋಚಿಸಿದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

1928ರಲ್ಲಿ ಬಿಬಿಸಿ ಇದನ್ನು ಬಾನುಲಿಯಲ್ಲಿ ಪ್ರಸಾರ ಮಾಡಿತು. 1930ರ ಒಂದು ವರ್ಷವನ್ನು ಬಿಟ್ಟರೆ ಅಂದಿನಿಂದ ಪ್ರಸಾರ ನಿಂತಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಚಾಪೆಲ್‌ನ ಹಳೆಯ ಬಣ್ಣದ ಗಾಜುಗಳನ್ನು ಕಳಚಿ ಸುರಕ್ಷಿತವಾಗಿ ಇರಿಸಿದ್ದ ಚಳಿಗಾಲಗಳಲ್ಲಿಯೂ ಹುಡುಗರು ಹಾಡಿದರು.

ನಾನು ನಮ್ಮ ಚರ್ಚಿನ ಕ್ವಾಯರ್‌ನಲ್ಲಿ, ಅಂದರೆ ಗಾಯಕವೃಂದದಲ್ಲಿ, ಬಾಸ್ ಎಂಬ ಎಲ್ಲಕ್ಕಿಂತ ತಗ್ಗಿನ ದನಿಯನ್ನು ಹಾಡುವವನು. ರಾಗದ ಒಂದೇ ಎಳೆಯನ್ನು ಹಿಡಿದು ಅದರ ಆಳಕ್ಕೆ ಇಳಿಯುವ ಸಂಗೀತ ನಮ್ಮ ಕಿವಿಗೆ ಚಿರಪರಿಚಿತ. ಕ್ವಾಯರ್‌ನಲ್ಲಾದರೋ ಮೇಲಿನ ದನಿಯಿಂದ ತಗ್ಗಿನದರವರೆಗೆ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಎಳೆಗಳು ಒಟ್ಟೊಟ್ಟಿಗೆ ಸಾಗುತ್ತವೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರಿಂದಾಗಿ ಜರ್ಮನ್ ಧಾಟಿಗಳಿಗೆ ಕನ್ನಡದ ಮಾತುಗಳು ಕೂಡಿಬಂದವು. ಹೀಗಾಗಿ ಈ ಬಗೆಯ ಹಾಡುಗಾರಿಕೆ ನಮ್ಮ ನಾಡಿನಲ್ಲಿಯೂ ಬೇರೂರಿದೆ. ನನ್ನ ಪಾಲಿನ ಎಳೆಯನ್ನು ಮನೆಯಲ್ಲಿ ಒಬ್ಬನೇ ಹಾಡಿಕೊಂಡರೆ ಕೇಳಿದವರಿಗೆ ಅದು ಹಾಡೆಂದೇ ತೋರದು, ಏಕೆಂದರೆ ಬಹಳಷ್ಟು ಹೊತ್ತು ಒಂದೆರಡು ಸ್ವರಗಳ ಮೇಲೆಯೇ ನಿಂತಿರುತ್ತದೆ. ಶನಿವಾರ ಸಂಜೆಯ ಅಭ್ಯಾಸದಲ್ಲಿ ಉಳಿದ ಮೂರು ದನಿಗಳು ಅದರ ಮೇಲೆ ಬಂದು ಕುಳಿತಾಗ, ನಾನು ಹಿಡಿದು ನಿಂತ ಆ ಒಂದೇ ಸ್ವರ ಏತಕ್ಕಾಗಿ ಇತ್ತೆಂಬುದು ಎದೆಗೇ ಅರಿವಾಗುತ್ತದೆ.

ಕನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತವಾದವು. ಹಾಗಾಗಿ ಸಾಲಿನ ಕೊನೆಯ ಸ್ವರಾಕ್ಷರವನ್ನು ಎಲ್ಲರೂ ಒಂದೇ ಅಗಲಕ್ಕೆ ಬಾಯಿ ತೆರೆದು ಹಿಡಿದರೆ ಮಾತ್ರ ಇಪ್ಪತ್ತು ಮಂದಿಯ ದನಿ ಒಂದಾಗಿ ಕೇಳಿಸುತ್ತದೆ. ಅದಕ್ಕಿಂತ ಕಷ್ಟದ್ದು ಉಸಿರು. ನಾಲ್ಕಾರು ಮಾತ್ರೆಗಳಿಗಿಂತ ಉದ್ದವಾದ ಸ್ವರವನ್ನು ಮುರಿಯದಂತೆ ಉಳಿಸಬೇಕಾದರೆ ಸಾಲಿನಲ್ಲಿ ನಿಂತವರು ಒಟ್ಟಿಗೆ ಉಸಿರೆಳೆಯುವಂತಿಲ್ಲ. ಪಕ್ಕದವರು ಉಸಿರೆಳೆದುಕೊಳ್ಳುವಾಗ ನಾನು ಸ್ವರವನ್ನು ಹಿಡಿದಿರಬೇಕು, ನಾನು ಬಿಟ್ಟಾಗ ಅವರು. ಬಿಟ್ಟವನು ಮರಳಿ ಬರುವಾಗ ಬಾಗಿಲು ತಟ್ಟಿದಂತೆ ಬರಬಾರದು, ಮೆಲ್ಲಗೆ ಒಳಸೇರಬೇಕು. ಕೇಳುವವರಿಗೆ ಇದಾವುದೂ ತಿಳಿಯುವುದಿಲ್ಲ. ನನ್ನ ಉಸಿರು ಮುಗಿದಾಗಲೂ ಹಾಡು ಮುಂದುವರಿಯುತ್ತಿದೆ, ಅದನ್ನು ಇನ್ನೊಬ್ಬರು ಹೊತ್ತಿದ್ದಾರೆ ಎಂಬ ಭರವಸೆಗಿಂತ ದೊಡ್ಡ ಸಂತೋಷವನ್ನು ನಾನು ಬೇರೆ ಯಾವ ಸಂಗೀತದಲ್ಲಿಯೂ ಕಂಡಿಲ್ಲ.

ನಮ್ಮ ಟೆನರ್ ಸಾಲಿನಲ್ಲಿ ನಲವತ್ತು ವರ್ಷ ಹಾಡಿದ ಹಿರಿಯರೊಬ್ಬರು ಈ ಮಳೆಗಾಲದಲ್ಲಿ ತೀರಿಕೊಂಡರು. ನವೆಂಬರ್ ಕೊನೆಯಲ್ಲಿ ಅಭ್ಯಾಸ ಶುರುವಾದಾಗ ಅವರ ಹಾಡಿನ ಹಾಳೆಗಳನ್ನು ಹೊಸದಾಗಿ ಸೇರಿದ ಪಿಯುಸಿ ಹುಡುಗನಿಗೆ ಕೊಟ್ಟೆವು. ಅಂಚುಗಳು ಮೆತ್ತಗಾದ ಆ ಹಾಳೆಗಳ ಮೇಲೆ, ಉಸಿರೆಳೆಯಬೇಕಾದ ಕಡೆಗಳಲ್ಲೆಲ್ಲ ಪೆನ್ಸಿಲಿನ ಪುಟ್ಟ ಅಲ್ಪವಿರಾಮಗಳಿವೆ. ಹುಡುಗ ಅವುಗಳನ್ನು ಅಳಿಸಿಲ್ಲ. ಮೊನ್ನೆಯ ಅಭ್ಯಾಸದಲ್ಲಿ ನಾನು ಅವನ ಪಕ್ಕದಲ್ಲಿಯೇ ನಿಂತಿದ್ದೆ. ಕೊನೆಯ ಚರಣದ ಉದ್ದನೆಯ ಸಾಲಿನಲ್ಲಿ, ಆ ಹಿರಿಯರು ಉಸಿರೆಳೆಯುತ್ತಿದ್ದ ಕಡೆಯಲ್ಲಿಯೇ ಅವನು ಉಸಿರೆಳೆದುಕೊಂಡ.