ಡಿಸೆಂಬರ್ ರಜೆಗೆ ಆರ್‌ವಿ: ಮೊದಲು ತಗ್ಗು, ಆಮೇಲೆ ಎತ್ತರ

ಕೇಳುಗರಿಗೆ ನಮಸ್ಕಾರ. ಕ್ರಿಸ್‌ಮಸ್ ರಜೆ ಬಂದರೆ ಅಮೆರಿಕದಲ್ಲಿರುವ ನಮ್ಮವರು ಕೆಲವರು ಲಾಸ್ ವೇಗಸ್‌ನಲ್ಲಿ ಆರ್‌ವಿ, ಅಂದರೆ ಮಲಗಲು, ಅಡುಗೆ ಮಾಡಲು ಅನುಕೂಲವಿರುವ ಮನೆಯಂಥ ಗಾಡಿ, ಬಾಡಿಗೆಗೆ ಹಿಡಿದು, ಊರಿಂದ ಬಂದ ಅಪ್ಪ ಅಮ್ಮನನ್ನೂ ಕೂರಿಸಿಕೊಂಡು, ನೇರ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೊರಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ಕ್ಯಾಲಿಫೋರ್ನಿಯದ ಮರುಭೂಮಿ ಕಣಿವೆ ಡೆತ್ ವ್ಯಾಲಿಗೆ ಹೋಗಿ.

ಡೆತ್ ವ್ಯಾಲಿಯ ಫರ್ನೆಸ್ ಕ್ರೀಕ್ ಸಮುದ್ರಮಟ್ಟಕ್ಕಿಂತ 190 ಅಡಿ ಕೆಳಗಿದೆ. ಡಿಸೆಂಬರ್ ರಾತ್ರಿಯಲ್ಲೂ ಅಲ್ಲಿ ನೀರು ಹೆಪ್ಪುಗಟ್ಟುವುದು ಅಪರೂಪ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಾದ ಸೌತ್ ರಿಮ್ ಸುಮಾರು 7,000 ಅಡಿ ಎತ್ತರದಲ್ಲಿದೆ. ಅಲ್ಲಿ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೇ ಇರುತ್ತದೆ. ಗಾಡಿಯ ಪಂಪು, ಹೀಟರು, ಗ್ಯಾಸು ಪರಿಚಯವಾಗುವ ಮೊದಲ ಎರಡು ರಾತ್ರಿ ಬೆಚ್ಚಗಿನ ಜಾಗದಲ್ಲಿ ಕಳೆಯುವುದು ಜಾಣತನ. ರಜೆಯಲ್ಲಿ ಅಲ್ಲಿ ಜಾಗಕ್ಕೆ ಪೈಪೋಟಿ ಇರುವುದರಿಂದ ತಿಂಗಳುಗಳ ಮೊದಲೇ ಕಾದಿರಿಸಿ.

ಗಾಡಿ ಹಿಡಿಯುವಾಗ ಉದ್ದ ಕೇಳಿ. ಡೆತ್ ವ್ಯಾಲಿಯ ನೋಟದ ಜಾಗಗಳಾದ ಆರ್ಟಿಸ್ಟ್ಸ್ ಡ್ರೈವ್‌ಗೂ ಡಾಂಟೆಸ್ ವ್ಯೂಗೂ 25 ಅಡಿ ಮೀರಿದ ಗಾಡಿಯನ್ನು ಬಿಡುವುದಿಲ್ಲ. ಎತ್ತರವನ್ನೂ ಒಂದು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಮುಂದೆ ಅಂಟಿಸಿ. ಹಿಂದಿನ ಚಕ್ರದಾಚೆ ಗಾಡಿ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಬೀಸುತ್ತದೆ. ಪೆಟ್ರೋಲ್ ಬಂಕಿನ ಕಂಬಕ್ಕೆ ತಗಲುವುದು ಹೀಗೆಯೇ. ಬಂಕಿನಿಂದ ಹೊರಡುವಾಗ ನೇರಕ್ಕೆ ಮುಂದೆ ಹೋಗಿ, ಬಾಲ ಕಂಬ ದಾಟಿದ ಮೇಲೆ ತಿರುಗಿಸಿ.

ಫರ್ನೆಸ್ ಕ್ರೀಕ್‌ನಿಂದ ಸೌತ್ ರಿಮ್‌ಗೆ ಸುಮಾರು 400 ಮೈಲಿ. ಹೊತ್ತು ಬೇಗ ಮುಳುಗುವ ಕಾಲವಾದ್ದರಿಂದ ದಾರಿಯಲ್ಲಿ ಸಿಗುವ ಕಿಂಗ್‌ಮನ್ ಊರಿನಲ್ಲಿ ಒಂದು ರಾತ್ರಿ ತಂಗಿ.

ಮೇಲೆ ಹತ್ತಿದ ಮೇಲೆ ಹೆಚ್ಚಿನವರು ಸೋಲುವುದು ಬ್ಯಾಟರಿಯಲ್ಲಿ. ಹೀಟರ್ ಉರಿಯುವುದು ಪ್ರೊಪೇನ್‌ನಿಂದಾದರೂ ಬಿಸಿಗಾಳಿ ಊದುವ ಫ್ಯಾನು ಓಡುವುದು 12 ವೋಲ್ಟ್ ಬ್ಯಾಟರಿಯಿಂದ. ಫ್ಯಾನು ಸುಮಾರು 7 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಹನ್ನೆರಡು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಓಡಿದರೂ 42 ಆಂಪಿಯರ್-ಗಂಟೆ. ಸಾಮಾನ್ಯ 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ನಿಜಕ್ಕೂ ಬಳಸಬಹುದಾದದ್ದು ಅರ್ಧ. ಚಳಿಗೆ ಅದೂ ಕುಗ್ಗುತ್ತದೆ. ಬೆಳಗಿನ ಜಾವ ಫ್ಯಾನು ನಿಂತರೆ ಗ್ಯಾಸು ತುಂಬಿದ್ದೂ ಪ್ರಯೋಜನವಿಲ್ಲ. ಹಾಗಾಗಿ ಕರೆಂಟಿಲ್ಲದ ಮ್ಯಾದರ್ ಕ್ಯಾಂಪ್‌ಗ್ರೌಂಡ್‌ಗಿಂತ ಹುಕ್‌ಅಪ್ (ಗಾಡಿಗೆ ಕರೆಂಟು, ನೀರಿನ ಸಂಪರ್ಕ) ಇರುವ ಟ್ರೇಲರ್ ವಿಲೇಜ್‌ಗೆ ಹೆಚ್ಚು ಹಣ ಕೊಡುವುದೇ ವಾಸಿ. ಜನರೇಟರ್ ನೆಚ್ಚಿಕೊಳ್ಳುವುದಾದರೆ, ಬಹುತೇಕ ಗಾಡಿಗಳಲ್ಲಿ ಇಂಧನ ಕಾಲು ಟ್ಯಾಂಕಿಗಿಂತ ಕೆಳಗಿಳಿದರೆ ಅದು ನಿಂತುಹೋಗುತ್ತದೆ. ಗಾಡಿ ಓಡಿಸಲು ಪೆಟ್ರೋಲ್ ಉಳಿಯಲಿ ಎಂದೇ ಹಾಗೆ ಮಾಡಿರುತ್ತಾರೆ. ಏನೇ ಆಗಲಿ, ಒಲೆ ಉರಿಸಿ ಗಾಡಿ ಬೆಚ್ಚಗಿಡಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ.

ಗಾಡಿಗೆ ನೀರು ತರುವ ಪೈಪನ್ನು ರಾತ್ರಿ ಕ್ಯಾಂಪಿನ ನಲ್ಲಿಗೆ ಬಿಗಿದೇ ಬಿಟ್ಟರೆ ಹೆಪ್ಪುಗಟ್ಟಿ ಒಡೆಯುತ್ತದೆ. ಸಂಜೆ ಒಳಗಿನ ಟ್ಯಾಂಕ್ ತುಂಬಿಸಿ, ಪೈಪ್ ಬಿಚ್ಚಿ, ನೀರು ಬಸಿದು ಸುತ್ತಿಡಿ. ರಾತ್ರಿಗೆ ಪಂಪು ಸಾಕು. ಸಿಂಕಿನ ಕೆಳಗಿನ ಬಾಗಿಲುಗಳನ್ನು ತೆರೆದಿಡಿ, ಕೊಳವೆಗಳಿಗೆ ಬಿಸಿಗಾಳಿ ತಾಗಲಿ.

ಇನ್ನು ಅಡುಗೆ. 7,000 ಅಡಿಯಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಿಸಲು ಹೋದರೆ ಅರ್ಧ ಸಿಲಿಂಡರ್ ಖಾಲಿ. ಕುಕ್ಕರ್ ಒಯ್ಯಿರಿ. ಒಗ್ಗರಣೆಗೆ ಮೊದಲು ಚಾವಣಿಯ ಕಿಂಡಿ ತೆರೆದು ಫ್ಯಾನು ಹಾಕಿ. ಇಲ್ಲದಿದ್ದರೆ ಮೆಣಸಿನಕಾಯಿ ಸಿಡಿದ ಕೂಡಲೇ ಹೊಗೆಯ ಅಲಾರಂ ಬೊಬ್ಬೆ ಹೊಡೆದು ಅಕ್ಕಪಕ್ಕದವರೆಲ್ಲ ಇಣುಕುತ್ತಾರೆ. ಸಾರಿನ ಜಿಡ್ಡನ್ನು ಕಾಗದದಲ್ಲಿ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ; ಸಿಂಕಿನ ಟ್ಯಾಂಕಿನಲ್ಲಿ ಎಣ್ಣೆ ಗಟ್ಟಿಯಾದರೆ ಬಿಡಿಸುವುದು ಕಷ್ಟ.

ಶೌಚದ ಟ್ಯಾಂಕಿನ ಕವಾಟವನ್ನು ಕ್ಯಾಂಪಿನಲ್ಲಿ ಸದಾ ಮುಚ್ಚಿಯೇ ಇಡಬೇಕು. ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಉಳಿಯುತ್ತದೆ. ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ, ಕೈಗವಸು ತೊಟ್ಟು, ಮೊದಲು ಅದನ್ನೂ ನಂತರ ಸಿಂಕಿನ ಟ್ಯಾಂಕನ್ನೂ ಖಾಲಿ ಮಾಡಿ. ಎರಡನೆಯದರ ನೀರೇ ಪೈಪನ್ನು ತೊಳೆಯುತ್ತದೆ.

ನೋಡುವುದಕ್ಕೆ ಗಾಡಿ ಕದಲಿಸಬೇಕಿಲ್ಲ. ಅಂಚಿನ ನೋಟದ ಜಾಗವಾದ ಯಾಕಿ ಪಾಯಿಂಟ್‌ಗೆ ಖಾಸಗಿ ವಾಹನ ಬಿಡುವುದೇ ಇಲ್ಲ, ಉಚಿತ ಬಸ್ಸಿದೆ. ಅಂಚಿನುದ್ದಕ್ಕೂ ಸಾಗುವ ಹರ್ಮಿಟ್ ರೋಡಿನಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬಸ್ಸಿಲ್ಲ, ಸ್ವಂತ ಕಾರುಗಳನ್ನು ಬಿಡುತ್ತಾರೆ. ಗೆಳೆಯರ ಕಾರು ಜೊತೆಗಿದ್ದರೆ ಆಗ ಉಪಯೋಗ. ಸೂರ್ಯಾಸ್ತ ಸಂಜೆ ಐದೂಕಾಲಿನ ಆಸುಪಾಸು. ನಾಲ್ಕೂವರೆಗೇ ಅಂಚಿನ ಬಳಿ ಇರಿ. ಹೆಪ್ಪುಗಟ್ಟಿದ ದಾರಿಯಲ್ಲಿ ಜಾರದಿರಲು ಬೂಟಿಗೆ ಸಿಕ್ಕಿಸುವ ಮುಳ್ಳಿನ ಪಟ್ಟಿ ಅಪ್ಪ ಅಮ್ಮನಿಗಂತೂ ಬೇಕೇ ಬೇಕು.